ಅಮ್ಮನ ಅಳಿಯ ರಾಯಕೋಟೆ ಹತ್ತಿದ್ದು

ಅಮ್ಮ ಹೊಸೂರಿಗೆ ಬಂದಾಗಲೆಲ್ಲ ಅವಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಲೇಬೇಕು. ಇಲ್ಲದಿದ್ದರೆ ಮಾಲೂರಿನ ತಮ್ಮನ ಮನೆಗೆ ವಾಪಸಾದ ಮೇಲೆ 'ಅವಳ ಮನೇಲಿ ನಾಲ್ಕು ಗೋಡೆ ನೋಡ್ಕೊಂಡು ಬಂದೆ' ಎಂದು ಬೀದಿಗೆಲ್ಲ ಸಾರುತ್ತಾಳೆ. ಕರೆದೊಯ್ಯುವುದು ದೊಡ್ಡ ಮಾತಲ್ಲ, ಎಲ್ಲಿಗೆ ಎಂಬುದೇ ತಲೆನೋವು. ದೇವಸ್ಥಾನಗಳನ್ನಂತೂ ನಾನು ಕೈಬಿಟ್ಟು ಬಹಳ ವರ್ಷಗಳಾದವು. ಅಮ್ಮ ದೇವರ ಮುಂದೆ ನಿಲ್ಲುವುದು ಎರಡು ನಿಮಿಷ, ಪ್ರಾಕಾರದಲ್ಲಿ ಕೂರುವುದು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಯಾವುದಾದರೂ ಗಂಡಿನ ತಾಯಿಯೋ ಚಿಕ್ಕಮ್ಮನೋ ಅವಳ ಪಕ್ಕದಲ್ಲಿ ಬಂದು ಕೂರದೆ ಇದ್ದದ್ದೇ ಇಲ್ಲ. ಕಟ್ಟಕಡೆಯ ಸಲ ಹೀಗೆ ಸಿಕ್ಕ ವರನಿಗೆ ಎರಡು ಕೊಳವೆಬಾವಿ, ಮೂವರು ಮಕ್ಕಳು ಇದ್ದರು. ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಎರಡೂ ಬಾವಿಯಲ್ಲಿ ನೀರಿದೆಯಂತೆ ಎಂದು ಅಮ್ಮ ನನ್ನನ್ನು ಹುರಿದುಂಬಿಸಿದ್ದಳು.

ನನಗೆ ನಲವತ್ತೊಂದು. ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ಕೆಲಸ, ತಯಾರಾದ ಮಾಲು ಸರಿಯಿದೆಯೇ ಎಂದು ನೋಡುವುದು. ಮದುವೆಯಾಗಿಲ್ಲ. ಅದಕ್ಕೆ ಹೇಳಿಕೊಳ್ಳುವಂಥ ಘನವಾದ ದುಃಖವೂ ಇಲ್ಲ. ಮೊದಲು ಅಪ್ಪನ ಕಾಯಿಲೆ, ಆಮೇಲೆ ತಮ್ಮನ ಓದು, ಅದೂ ಮುಗಿದ ಮೇಲೆ ನನಗೇ ಬೇಡವೆನಿಸಿತು. ಮೊದಲ ಎರಡು ಕಾರಣ ಹೇಳಿದರೆ ಕೇಳಿದವರ ಕಣ್ಣು ತುಂಬಿಕೊಳ್ಳುತ್ತದೆ. ಮೂರನೆಯದನ್ನು ಹೇಳಿದರೆ ಅದೇ ಜನಕ್ಕೆ ಕಿವಿ ಮಂದವಾಗುತ್ತದೆ.

ಭಾನುವಾರ ದುಡಿದದ್ದಕ್ಕೆ ಬದಲಾಗಿ ಬುಧವಾರ ರಜೆ ಸಿಕ್ಕಿದಾಗ ನಾನು ರಾಯಕೋಟೆಯನ್ನು ಆರಿಸಿದ್ದು ಈ ಲೆಕ್ಕದಲ್ಲೇ. ಬೆಟ್ಟದ ಮೇಲೊಂದು ಹಾಳು ಕೋಟೆ. ದೇವರಿಲ್ಲ, ಪೂಜಾರಿಯಿಲ್ಲ, ಪ್ರಾಕಾರವಿಲ್ಲ, ಆದ್ದರಿಂದ ಬೀಗರಾಗಬಲ್ಲವರೂ ಇಲ್ಲ.

"ದೇವ್ರಿಲ್ದಿರೋ ಬೆಟ್ಟ ಯಾಕೇ ಹತ್ತಬೇಕು?" ಎಂದಳು ಅಮ್ಮ.

"ನೋಡೋಕೆ. ಜೊತೆಗೆ ವ್ಯಾಯಾಮನೂ ಆಗ್ತದೆ."

"ಜೀವ್ಮಾನ ಎಲ್ಲಾ ಹೊಲದಲ್ಲಿ ಗೇದಿದ್ದು ಸಾಲ್ದು ಅಂತ ಈಗ ವ್ಯಾಯಾಮ ಬೇರೆ," ಎಂದು ಗೊಣಗಿದಳಾದರೂ ಬೆಳಗ್ಗೆ ಐದಕ್ಕೇ ಎದ್ದು ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದ್ದಳು.

ಏಳು ಗಂಟೆಯ ಟೌನ್ ಬಸ್ಸಿನಲ್ಲಿ ಅಮ್ಮನಿಗೆ ಮುಂದಿನ ಸೀಟು ಸಿಕ್ಕಿತು, ನನಗೆ ಅದರ ಹಿಂದಿನದು. ಅಮ್ಮನ ಪಕ್ಕದಲ್ಲಿ ಕೂತವಳು ಐವತ್ತರ ಆಸುಪಾಸಿನ ಹೆಂಗಸು. ತಳಿ ಊರಿನ ಕಡೆಯ ಹಳ್ಳಿಯವಳು, ಮನೆಯಲ್ಲಿ ಸೇವಂತಿಗೆ ಬೆಳೆಯುತ್ತಾರೆ, ರಾಯಕೋಟೆಯಲ್ಲಿರುವ ತಂಗಿಯ ಮನೆಗೆ ಹೊರಟಿದ್ದಾಳೆ. ಇಷ್ಟೆಲ್ಲ ಗೊತ್ತಾಗಲು ಬಸ್ಸು ನಿಲ್ದಾಣ ದಾಟಬೇಕಾಗಿರಲಿಲ್ಲ. ಕಂಡಕ್ಟರನ ಜೊತೆ ತಮಿಳಿನಲ್ಲಿ ಜಗಳವಾಡಿ, ಕಿಟಕಿಯಾಚೆ ಯಾರಿಗೋ ತೆಲುಗಿನಲ್ಲಿ ಏನೋ ಹೇಳಿ, ಅಮ್ಮನ ಕಡೆ ತಿರುಗಿ ಕನ್ನಡದಲ್ಲಿ ವಿಚಾರಣೆ ಆರಂಭಿಸಿದಳು. ಮೊದಲ ಪ್ರಶ್ನೆ ಯಾವೂರು. ಎರಡನೆಯದು ಹಿಂದೆ ಕೂತಿರೋಳು ಮಗಳಾ, ಎಲ್ಲಿ ಕೆಲಸ. ಮೂರನೆಯದು ಯಾವುದೆಂದು ಗೊತ್ತಿದ್ದ ನಾನು ಕಿಟಕಿಯತ್ತ ಮುಖ ತಿರುಗಿಸಿದೆ.

"ಮದುವೆ ಆಗೈತಾ ಅಕ್ಕ?"

"ಆಗ್ದೆ ಮತ್ತೆ? ನಮ್ಮಳಿಯನೂ ಕಂಪ್ನೀಲೇ ಅವ್ರೆ. ಇವತ್ತು ಅವ್ರಿಗೆ ಎ ಶಿಫ್ಟು, ಬೆಳಗ್ಗೆ ಆರಕ್ಕೇ ಹೋಗವ್ರೆ, ಅದ್ಕೆ ಬರಾಕಾಗ್ಲಿಲ್ಲ."

ನಾನು ಕೂತಲ್ಲೇ ಗೃಹಿಣಿಯಾದೆ. ಛತ್ರವಿಲ್ಲ, ವಾಲಗವಿಲ್ಲ, ಎಲೆಯ ತುದಿಗೆ ಒಂದು ಹೋಳಿಗೆಯಿಲ್ಲ. ಈ ಕಡೆ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಪುಕ್ಕಟೆ ಎಂಬುದು ನನಗೆ ಗೊತ್ತಿತ್ತು. ಗಂಡನನ್ನೂ ಕೊಡುತ್ತಾರೆಂದು ಗೊತ್ತಿರಲಿಲ್ಲ.

ಅಮ್ಮ ಹೇಳಿದ ಸಲೀಸು ನೋಡಿದರೆ ಈ ಅಳಿಯ ಇವತ್ತು ಹುಟ್ಟಿದವನಲ್ಲ, ಹಲವು ವರ್ಷಗಳಿಂದ ಚಾಲ್ತಿಯಲ್ಲಿದ್ದವನು ಎಂಬುದು ಸ್ಪಷ್ಟವಾಯಿತು. ಅವನನ್ನು ಶಿಫ್ಟಿಗೆ ಹಾಕಿದ ಅವಳ ಬುದ್ಧಿಯನ್ನು ಮೆಚ್ಚಲೇಬೇಕು. ಬೇರೆ ಊರುಗಳಲ್ಲಿ ಅಳಿಯ ಕಾಣದಿದ್ದರೆ ಜನ ಹತ್ತು ಮಾತು ಆಡುತ್ತಾರೆ. ಹೊಸೂರಿನಲ್ಲಿ ಶಿಫ್ಟು ಎಂದರೆ ಮುಗಿಯಿತು. ಶಿಫ್ಟಿನಲ್ಲಿರುವ ಗಂಡಸು ಮದುವೆಗೆ ಬರಬೇಕಿಲ್ಲ, ನಾಮಕರಣಕ್ಕೆ ಬರಬೇಕಿಲ್ಲ, ಹೆಣ ಎತ್ತುವುದಕ್ಕೂ ಬರಬೇಕಿಲ್ಲ. ಪಾಪ, ಶಿಫ್ಟಂತೆ ಎಂದು ಎಲ್ಲರೂ ಅವನ ಪಾಲಿನ ಊಟವನ್ನು ಡಬ್ಬಿಗೆ ಕಟ್ಟಿ ಕೊಡುತ್ತಾರೆ.

ಆ ಹೆಂಗಸು ಹಿಂದಕ್ಕೆ ತಿರುಗಿ ನನ್ನ ಕುತ್ತಿಗೆ ನೋಡಿದಳು. ಅಲ್ಲಿಂದ ಕಣ್ಣು ಕಾಲ್ಬೆರಳಿಗೆ ಇಳಿಯಿತು. ನಾನು ಶೂ ಹಾಕಿದ್ದೆ.

"ಫ್ಯಾಕ್ಟ್ರೀಲಿ ಸರ, ಬಳೆ, ಏನೂ ಹಾಕಂಗಿಲ್ವಂತೆ ಕಣಮ್ಮ," ಎಂದಳು ಅಮ್ಮ, ಕೇಳುವ ಮೊದಲೇ. "ಮಿಷಿನ್‌ಗೆ ಸಿಕ್ಕಾಕ್ಕೊಂತದೆ. ತಾಳೀನ ಬೀರೂಲಿ ಇಟ್ಟವ್ಳೆ."

ಯಂತ್ರದ ಬಳಿ ಒಡವೆ ಧರಿಸಬಾರದೆಂಬ ಸುರಕ್ಷತಾ ನಿಯಮವನ್ನು ಇಷ್ಟು ಚೆನ್ನಾಗಿ ಬಳಸಿಕೊಂಡವರನ್ನು ನಾನು ಕಾರ್ಖಾನೆಯಲ್ಲೂ ಕಂಡಿರಲಿಲ್ಲ. ನಗು ಬಂತು. ಅಮ್ಮನಿಗೆ ನನ್ನ ಮದುವೆಯ ಆಸೆ ಇರುವುದು ನನಗೆ ಎಂದೂ ತಪ್ಪಾಗಿ ಕಂಡಿಲ್ಲ. ಆದರೆ ಹೀಗಿರುವ ನನ್ನನ್ನು, ಹೀಗೇ, ಒಬ್ಬರ ಮುಂದೆಯಾದರೂ 'ಇವಳು ನನ್ನ ಮಗಳು' ಎಂದು ಅವಳು ತಲೆಯೆತ್ತಿ ಹೇಳಬೇಕೆಂಬ ಆಸೆ ನನಗೂ ಇತ್ತು. ದುಡಿಯುವ ಮಗಳಿಗಿಂತ ಇಲ್ಲದ ಅಳಿಯನನ್ನು ತೋರಿಸಿಕೊಳ್ಳುವುದೇ ಅವಳಿಗೆ ಹಗುರವಾಗಿತ್ತು. ಅದು ನನ್ನನ್ನು ಬಹಳ ನೋಯಿಸಿತು.

"ಯಾವ ಕಂಪ್ನಿ ಅಕ್ಕ?"

ಅಮ್ಮನಿಗೆ ಗೊತ್ತಿರುವುದು ಒಂದೇ ಕಂಪನಿ, ನನ್ನದು. ಅದರ ಹೆಸರನ್ನೇ ಹೇಳಿದಳು.

"ಅಯ್ಯೋ ದೇವ್ರೇ! ನನ್ ಮಗನೂ ಅಲ್ಲೇ! ಟ್ರೈನಿಂಗ್‌ಗೆ ಅಂತ ಸೇರಿ ಆರ್ ತಿಂಗ್ಳಾಯ್ತು. ಅವ್ನೂ ಇವತ್ತು ಎ ಶಿಫ್ಟೇ!"

ಅಮ್ಮ ಸ್ವಲ್ಪ ಹೊತ್ತು ರಸ್ತೆ ನೋಡಿದಳು. ರಾಯಕೋಟೆಯಲ್ಲಿ ಇಳಿಯುವಾಗ ನಾನು ಅವಳ ಸೆರಗು ಹಿಡಿದೆಳೆದು, "ಏನಮ್ಮ ಇದು?" ಎಂದೆ.

"ಸುಮ್ನಿರೇ. ಬಸ್ಸಲ್ಲಿ ಸಿಕ್ಕಿದೋರ್ಗೆಲ್ಲಾ ನಿನ್ ಪುರಾಣ ಓದ್ಕೊಂಡಿರಾಕಾಯ್ತದಾ? ಇಳಿದ್ ಮೇಲೆ ಅವಳ್ಯಾರೋ ನಾವ್ಯಾರೋ."

ಅಷ್ಟರಲ್ಲಿ ಅವಳ್ಯಾರೋ ಹಿಂದಿನಿಂದ ಓಡಿ ಬಂದಳು. ತಂಗಿ ಟೊಮ್ಯಾಟೊ ಮಂಡಿಗೆ ಹೋಗಿದ್ದಾಳಂತೆ, ಬರುವುದು ಮಧ್ಯಾಹ್ನವಂತೆ, ಮನೆಗೆ ಬೀಗವಂತೆ. "ಮೂವತ್ತು ವರ್ಷದಿಂದ ಈ ಬೆಟ್ಟದ ಬುಡಕ್ಕೆ ಬತ್ತಾವ್ನಿ, ಒಂದಿನಾನೂ ಹತ್ತಿಲ್ಲ. ನಿಮ್ ಜೊತೆ ನಾನೂ ಬತ್ತೀನಿ ಅಕ್ಕ," ಎಂದಳು. ಬೇಡವೆನ್ನಲು ಬೆಟ್ಟ ನಮ್ಮಪ್ಪನದಲ್ಲ.

ಬೆಟ್ಟದ ಬುಡದಲ್ಲಿ ನೀಲಿ ಫಲಕವಿದೆ. ಇದು ಸಂರಕ್ಷಿತ ಸ್ಮಾರಕ, ಗೀಚುವವರಿಗೆ ದಂಡ, ಸೆರೆವಾಸ ಎಂದು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದಾರೆ. ಅದರ ಪಕ್ಕದ ಬಂಡೆಯ ಮೇಲೆ, ಫಲಕಕ್ಕಿಂತ ದಪ್ಪ ಅಕ್ಷರದಲ್ಲಿ, ಬಾಣ ಚುಚ್ಚಿದ ಹೃದಯದೊಳಗೆ ಎರಡು ಹೆಸರು. ಸುಲ್ತಾನರ ಕೈಯಿಂದ ಇಂಗ್ಲಿಷರು ಕಿತ್ತುಕೊಂಡ ಕೋಟೆ ಇದು. ಇಂಗ್ಲಿಷರಿಂದ ನಮಗೆ ಬಂತು, ನಮ್ಮಿಂದ ಕೋತಿಗಳಿಗೆ ಹೋಯಿತು. ಈ ನಾಲ್ಕೂ ಸರ್ಕಾರಗಳ ಪೈಕಿ ಈಗಿನದೇ ಹೆಚ್ಚು ಚುರುಕು. ಮೊದಲ ತಿರುವಿನಲ್ಲೇ ಒಂದು ದಪ್ಪ ಕೋತಿ ಬಂದು ನಮ್ಮ ಚೀಲದ ತಪಾಸಣೆ ಮಾಡಿ ಬಾಳೆಹಣ್ಣಿನ ಸುಂಕ ವಸೂಲು ಮಾಡಿತು.

ಸೀತಾಫಲದ ಪೊದೆಗಳ ನಡುವೆ ಮೆಟ್ಟಿಲು ಏರುತ್ತಾ ಹೋದಂತೆ ನನ್ನ ಗಂಡನೂ ಏರುತ್ತಾ ಹೋದ. ಮೊದಲ ಬಾಗಿಲಿನ ಹತ್ತಿರ ಅವನು ಸೂಪರ್‌ವೈಸರ್ ಆದ. ಕುಡಿಯುವುದಿಲ್ಲ, ಸೇದುವುದಿಲ್ಲ, ಅವರೆಕಾಳಿನ ಸಾರೆಂದರೆ ಪ್ರಾಣ. ಸಂಬಳ ತಂದು ನನ್ನ ಕೈಗೇ ಕೊಡುತ್ತಾನಂತೆ. ಅಷ್ಟು ಒಳ್ಳೆಯ ಮನುಷ್ಯ ಈ ನೀರಿನ ಬಾಟಲಿಗಳ ಚೀಲ ಹೊರುವುದಕ್ಕಾದರೂ ಬರಬಹುದಿತ್ತು ಎಂದು ನನಗೆ ಅನ್ನಿಸಿತು.

"ಅತ್ತೆ ಹೆಂಗೆ? ಕಾಟ ಗೀಟ ಏನಾರಾ?" ಎಂದು ಅವಳು ನನ್ನನ್ನೇ ಕೇಳಿದಳು.

"ಅತ್ತೆ ಇಲ್ಲ ಕಣಮ್ಮ, ತೀರ್ಕೊಂಡ್ರು," ಎಂದಳು ಅಮ್ಮ. ಆ ಮಹಾತಾಯಿಯನ್ನು ಹುಟ್ಟಿಸಿದ ಗಳಿಗೆಯಲ್ಲೇ ಸಾಯಿಸಿದ್ದಳು. ನಾನು ಸೂತಕ ಆಚರಿಸಬೇಕೋ ಬೇಡವೋ ತಿಳಿಯದೆ ಮೆಟ್ಟಿಲು ಹತ್ತಿದೆ.

"ಮಕ್ಳು?"

ಅಲ್ಲಿ ಅಮ್ಮ ನಿಂತುಬಿಟ್ಟಳು. ಅಳಿಯನಿಗೆ ಸಂಬಳ, ಸಾರು, ಸದ್ಗುಣ ಎಲ್ಲವನ್ನೂ ಕೊಟ್ಟಿದ್ದವಳು ಇದೊಂದನ್ನು ಮರೆತಿದ್ದಳು. ಇನ್ನೊಬ್ಬರ ಮಕ್ಕಳನ್ನು ಎರವಲು ತರುವಷ್ಟು ಧೈರ್ಯ ಅವಳಿಗೂ ಇರಲಿಲ್ಲವೋ ಏನೋ. "ಅಯ್ಯಮ್ಮ, ನನ್ ಮಂಡಿ," ಎಂದು ಅಲ್ಲೇ ಕಲ್ಲಿನ ಮೇಲೆ ಕೂತಳು.

ಆ ಹೆಂಗಸಿಗೆ ಅರ್ಥವಾಯಿತು, ಅವಳಿಗೆ ಬೇಕಾದ ಹಾಗೆ. ಅಮ್ಮನ ಮಂಡಿ ನೀವುತ್ತಾ, "ದೇವ್ರು ಕಣ್ ಬಿಡ್ತಾನೆ ಬಿಡಕ್ಕ. ಕೆಲವ್ರಿಗೆ ತಡವಾಗ್ ಆಯ್ತದೆ," ಎಂದು ನನ್ನ ಕಡೆ ಮರುಕದಿಂದ ನೋಡಿದಳು. ಮದುವೆಯಾಗಿ ಎರಡು ಗಂಟೆ ಕಳೆದಿರಲಿಲ್ಲ, ಆಗಲೇ ಬಂಜೆ ಎನಿಸಿಕೊಂಡೆ. ಮದುವೆಯಾದವರ ಕಷ್ಟಗಳ ಬಗ್ಗೆ ನನ್ನ ಗೆಳತಿಯರು ಹೇಳುತ್ತಿದ್ದದ್ದು ಸುಳ್ಳಲ್ಲ. ಆದರೆ ಅವರಿಗೆ ನಡುವೆ ಕೊಂಚ ಬಿಡುವಾದರೂ ಇತ್ತು.

ನನ್ನೊಳಗೆ ಕೋಪ ಕುದಿಯುತ್ತಿತ್ತು. ಮೇಲೆ ಹೋದ ಮೇಲೆ ಈ ಹೆಂಗಸಿನ ಎದುರಿಗೇ ಎಲ್ಲವನ್ನೂ ಹೇಳಿಬಿಡುತ್ತೇನೆ, ಅಮ್ಮನಿಗೆ ಅವಮಾನವಾದರೆ ಆಗಲಿ ಎಂದು ಹಲ್ಲು ಕಚ್ಚಿಕೊಂಡು ಹತ್ತಿದೆ.

ತುದಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಸೂರು ಹೋದ ಎರಡು ಮೂರು ಕಟ್ಟಡ, ಅರ್ಧ ಉರುಳಿದ ಗೋಡೆ, ಬಂಡೆಯ ತಗ್ಗಿನಲ್ಲಿ ಹಸಿರು ನೀರಿನ ಕೊಳ. ಆದರೆ ಗೋಡೆಯ ಪಕ್ಕ ನಿಂತರೆ ಕೆಳಗೆ ರೈಲು ಹಳಿ, ಟೊಮ್ಯಾಟೊ ಹೊಲಗಳಿಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮಿಂಚು, ಗುಲಾಬಿ ಬೆಳೆಯುವ ಬಿಳಿ ಚಪ್ಪರಗಳು, ಒಂದರ ಹಿಂದೊಂದು ಕಲ್ಲುಗುಡ್ಡ ಎಲ್ಲ ಕಾಣುತ್ತದೆ. ಗಾಳಿ ಜೋರಾಗಿತ್ತು. ಅಮ್ಮ ಬಹಳ ಹೊತ್ತು ನೋಡಿದಳು.

"ಇಷ್ಟೆತ್ತರ ಬಂದು ಕೈ ಮುಗಿಯಾಕೆ ಏನೂ ಇಲ್ವಲ್ಲೇ," ಎಂದಳು. ಆದರೂ ಯಾವುದಕ್ಕೂ ಇರಲಿ ಎಂದು ಪೂರ್ವಕ್ಕೊಂದು ಕೈ ಮುಗಿದಳು.

ಕಟ್ಟಡದ ನೆರಳಿನಲ್ಲಿ ಕೂತು ಚಿತ್ರಾನ್ನ ಬಿಚ್ಚಿದೆವು. ಎರಡನೇ ತುತ್ತಿಗೆ ಆ ಹೆಂಗಸು ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನು ತೆಗೆದಳು.

"ಹತ್ತೂವರೆ ಆಯ್ತು. ಎ ಶಿಫ್ಟೋರ್ಗೆ ಈಗ ಊಟದ ಟೈಮು, ನನ್ ಮಗ ಫೋನ್ ಎತ್ತುತಾನೆ. ನಿಮ್ಮಳಿಯನ್ನ ಮಾತಾಡ್ಸು ಅಂತ ಹೇಳ್ತೀನಿ ಅಕ್ಕ. ಹೊಸ ಹುಡ್ಗ, ದೊಡ್ಡೋರ ಪರಿಚಯ ಇದ್ರೆ ಒಳ್ಳೇದಲ್ವಾ. ಹೆಸ್ರೇನು ಅವ್ರುದು?"

ಕೆಳಗಿನ ಊರಿನಲ್ಲಿ ಸರಿಯಾಗಿ ಸಿಗದ ಸಿಗ್ನಲ್ಲು ಆ ಹಾಳು ಕೋಟೆಯಲ್ಲಿ ತುಂಬಿ ತುಳುಕುತ್ತಿತ್ತು.

"ಅಳಿಯನ ಹೆಸ್ರು ನಾನ್ ಹೇಳಂಗಿಲ್ಲ ಕಣಮ್ಮ. ನಮ್ ಕಡೆ ಹೇಳಲ್ಲ," ಎಂದಳು ಅಮ್ಮ. ಅದು ಸುಳ್ಳಲ್ಲ. ಅಪ್ಪನ ಹೆಸರನ್ನು ಅವಳು ಬದುಕಿನಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ರೇಷನ್ ಅಂಗಡಿಯವನು ಕೇಳಿದರೆ ನನ್ನನ್ನು ಮುಂದೆ ತಳ್ಳುತ್ತಿದ್ದಳು. ಇದ್ದ ಗಂಡಸಿಗೆ ಸಲ್ಲುತ್ತಿದ್ದ ಆ ಮರ್ಯಾದೆ, ಇಲ್ಲದ ಗಂಡಸನ್ನೂ ಕಾಪಾಡಿತು, ಒಂದು ಅರ್ಧ ನಿಮಿಷ.

"ಅದೂ ಸರಿ ಅನ್ನಿ," ಎಂದು ಅವಳು ನನ್ನ ಕಡೆ ತಿರುಗಿದಳು. "ನೀನ್ ಹೇಳಮ್ಮ. ಈಗಿನ್ ಕಾಲ್ದೋರು ಎಲ್ಲಾ ಹೇಳ್ತಾರೆ."

ನಾನು ಕಾಯುತ್ತಿದ್ದ ಗಳಿಗೆ ತಾನಾಗೇ ಬಂದಿತ್ತು. ಒಂದೇ ಮಾತು ಸಾಕಿತ್ತು. ಅಮ್ಮನ ಕಡೆ ನೋಡಿದೆ. ಕಲಸಿದ ತುತ್ತು ಕೈಯಲ್ಲೇ ಇತ್ತು, ಬಾಯಿಗೆ ಹೋಗಿರಲಿಲ್ಲ. ಕಣ್ಣು ನೆಲ ನೋಡುತ್ತಿತ್ತು. ಕೊರಳ ನರಗಳು ಎದ್ದು ಕಾಣುತ್ತಿದ್ದವು. ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ನಮ್ಮೆಜಮಾನ್ರು ಇವತ್ತು ಅಲ್ಲಿ ಸಿಗಲ್ಲ ಅಕ್ಕ," ಎಂದೆ. "ಕಂಪ್ನಿ ಕೆಲ್ಸದ ಮೇಲೆ ಕೊಯಮತ್ತೂರಿಗೆ ಹೋಗವ್ರೆ."

"ಎ ಶಿಫ್ಟು ಅಂದ್ರಲ್ಲಾ ನಿಮ್ಮಮ್ಮ?"

"ಶಿಫ್ಟೇ. ಬೆಳಗ್ಗೆ ಗೇಟ್ ಹತ್ರಾನೇ ಮ್ಯಾನೇಜರು ಕಾರು ಹತ್ತಿಸ್ಕೊಂಡು ಹೋದ್ರಂತೆ. ಈಗ ತಾನೆ ಮೆಸೇಜು ಹಾಕಿದ್ರು. ಬರೋದು ನಾಳೆ ಸಂಜೆ ಆಗ್ತದೆ, ಊಟಕ್ಕೆ ಕಾಯ್ಬೇಡ ಅಂದ್ರು."

ನಮ್ಮೆಜಮಾನ್ರು ಎಂಬ ಮಾತು ನನ್ನ ಬಾಯಿಂದ ಇಷ್ಟು ನಯವಾಗಿ ಬಂದದ್ದು ಕೇಳಿ ನನಗೇ ಗಾಬರಿಯಾಯಿತು. ಹುಟ್ಟುಗುಣ ಎಲ್ಲಿ ಹೋಗುತ್ತದೆ? ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಕೊಯಮತ್ತೂರಿನಿಂದ ಅವನು ನನಗೊಂದು ಸೀರೆಯನ್ನೂ ತರುವವನಿದ್ದ.

"ಸಾಕು ನಿಲ್ಸೇ!"

ಅಮ್ಮ ತುತ್ತನ್ನು ಡಬ್ಬಿಗೆ ಹಾಕಿದಳು.

"ನಾನ್ ಹೇಳಿದ್ರೆ ಆಯ್ತು, ಮುದುಕಿ, ಬಾಯ್ಚಟ. ನೀನ್ಯಾಕೇ ಹೇಳ್ತೀಯಾ? ನಿಂಗೇನ್ ಬಂದೈತೆ ಇಲ್ದಿರೋನ ಊಟಕ್ಕೆ ಕಾಯೋ ಗತಿ?" ಆಮೇಲೆ ಆ ಹೆಂಗಸಿಗೆ ಹೇಳಿದಳು, "ಅಳಿಯನೂ ಇಲ್ಲ ಗಿಳಿಯನೂ ಇಲ್ಲ ಕಣಮ್ಮ. ಇವ್ಳಿಗೆ ಮದುವೆ ಆಗಿಲ್ಲ. ಜನ ಕೇಳ್ತಾರೆ, ತಲೆ ತಗ್ಗಿಸ್ಬೇಕಾಯ್ತದೆ ಅಂತ ನಾನೇ ಒಬ್ಬನ್ನ ಹುಟ್ಟಿಸ್ಕೊಂಡಿದ್ದೆ. ನಾನ್ ಮಾಡಿದ್ ತಪ್ಪು. ಇವ್ಳದೇನೂ ಇಲ್ಲ."

ಆ ಹೆಂಗಸಿನ ಕೈಯಲ್ಲಿದ್ದ ಫೋನಿನಿಂದ, "ಅಮ್ಮಾ, ಹೇಳಮ್ಮ, ಯಾರ್ನ ಮಾತಾಡ್ಸ್ಬೇಕು?" ಎಂಬ ದನಿ ಕೇಳಿಸಿತು. ಮಾತಿನ ನಡುವೆ ಅವಳು ಆಗಲೇ ಮಗನಿಗೆ ಫೋನು ಹಚ್ಚಿ, ಒಬ್ಬರನ್ನು ಮಾತಾಡಿಸಬೇಕು, ಇರು ಎಂದಿದ್ದಳು. ಅವಳು ನಮ್ಮಿಬ್ಬರನ್ನೂ ನೋಡಿದಳು.

"ಯಾರ್ನೂ ಇಲ್ಲ ಕಣ್ಲಾ. ಉಂಡ್ಯಾ ಅಂತ ಕೇಳಾಕ್ ಮಾಡ್ದೆ. ಉಣ್ಣು, ಉಣ್ಣು," ಎಂದು ಫೋನಿಟ್ಟಳು. ಅವಳ ಮೇಲೆ ಬೆಳಗ್ಗೆಯಿಂದ ನನಗಿದ್ದ ಸಿಡಿಮಿಡಿಯೆಲ್ಲ ಅಲ್ಲಿಗೆ ಇಳಿದುಹೋಯಿತು.

ಆದರೆ ಅವಳೂ ಮನುಷ್ಯಳೇ. ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಅಮ್ಮನ ಹತ್ತಿರಕ್ಕೆ ಸರಿದು ಕೂತಳು.

"ನಮ್ಮಣ್ಣನ್ ಮಗ ಒಬ್ಬ ಅವ್ನೆ ಅಕ್ಕ. ಜವಳಗಿರಿ ಹತ್ರ, ಕಾಡ್ ಪಕ್ಕ, ನಾಲ್ಕೆಕ್ರೆ. ನಲವತ್ತೆರಡಾಗೈತೆ. ಚಿನ್ನದಂಥ ಹುಡ್ಗ. ಆನೆ ಕಾಟಕ್ಕೆ ಯಾರೂ ಹೆಣ್ ಕೊಡಾಕ್ ಒಪ್ತಾ ಇಲ್ಲ, ಅಷ್ಟೇ."

ದೇವರಿಲ್ಲದ ಬೆಟ್ಟವನ್ನು ಆರಿಸಿದ ನನ್ನ ಬುದ್ಧಿವಂತಿಕೆಗೆ ಅಲ್ಲಿಗೆ ಮಂಗಳಾರತಿಯಾಯಿತು. ಮುಂದಿನದು ನನಗೆ ಬಾಯಿಪಾಠ. ಅಮ್ಮ ಚೀಲದ ಒಳಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ನನ್ನ ಜಾತಕದ ಪ್ರತಿ ತೆಗೆಯುತ್ತಾಳೆ. ನಕ್ಷತ್ರ ಕೇಳುತ್ತಾರೆ, ನನ್ನ ಎತ್ತರ ಹೇಳುತ್ತಾರೆ, ಆನೆ ಎಲ್ಲರ ಮನೆಗೂ ಬರುವುದಿಲ್ಲ ಬಿಡಿ ಎಂದು ಇಬ್ಬರೂ ಒಪ್ಪುತ್ತಾರೆ. ನಾನು ಎದ್ದು ನಿಲ್ಲಲು ನೆಲಕ್ಕೆ ಕೈಯೂರಿದೆ.

ಅಮ್ಮ ಚೀಲ ಮುಟ್ಟಲಿಲ್ಲ. ನನ್ನ ಮುಖ ನೋಡಿದಳು.

"ಏನಂತೀಯೇ?" ಎಂದು ಕೇಳಿದಳು.

ನನ್ನ ವಿಷಯ ಈ ಹದಿನೈದು ವರ್ಷಗಳಲ್ಲಿ ಎಷ್ಟೋ ಜನರನ್ನು ಕೇಳಿದ್ದಾಳೆ. ಜೋಯಿಸರನ್ನು, ನೆಂಟರನ್ನು, ಬಸ್ಸಿನಲ್ಲಿ ಪಕ್ಕ ಕೂತವರನ್ನು. ನನ್ನನ್ನು ಕೇಳಿದ್ದು ಅದೇ ಮೊದಲು.

"ಬೇಡ ಕಣಮ್ಮ," ಎಂದೆ.

"ಬೇಡ್ವಂತೆ," ಎಂದಳು ಅಮ್ಮ ಆ ಹೆಂಗಸಿಗೆ, ಪಂಕ್ತಿಯಲ್ಲಿ ಪಕ್ಕದ ಎಲೆಯವರಿಗೆ ಸಾರು ಬೇಡವೆಂದು ಬಡಿಸುವವನಿಗೆ ಹೇಳುವ ಹಾಗೆ. ಹೇಳಿ, ಬಿಟ್ಟಿದ್ದ ತುತ್ತನ್ನು ಮತ್ತೆ ಎತ್ತಿಕೊಂಡಳು.

ಕೈ ತೊಳೆಯುವ ನೆಪದಲ್ಲಿ ಕೊಳದ ಕಡೆ ಹೋದೆ. ಕೈ ತೊಳೆಯಲು ಅಷ್ಟು ಹೊತ್ತು ಬೇಕಾಗಿರಲಿಲ್ಲ, ಮುಖ ತೊಳೆಯಲು ಬೇಕಾಯಿತು. ನನ್ನ ಬೆನ್ನ ಹಿಂದೆ ಅವರಿಬ್ಬರ ಮಾತು ಗಾಳಿಯಲ್ಲಿ ತುಂಡು ತುಂಡಾಗಿ ಕೇಳುತ್ತಿತ್ತು. ಆನೆ ನಿಜವಾಗಿಯೂ ಬಾಗಿಲ ಹತ್ತಿರ ಬರುತ್ತದಾ ಎಂದು ಅಮ್ಮ ಕೇಳುತ್ತಿದ್ದಳು. ಬರುತ್ತದೆಂದೂ, ಹಲಸಿನ ಹಣ್ಣಿನ ಕಾಲದಲ್ಲಂತೂ ಕಾಯಂ ಎಂದೂ ಅವಳು ಹೇಳುತ್ತಿದ್ದಳು. ಆಮೇಲೆ, ಆಡಲು ಬೇರೆ ಏನೂ ಉಳಿಯಲಿಲ್ಲವೆಂದೋ ಏನೋ, ಆ ಹೆಂಗಸು ಕೇಳಿದಳು:

"ಮಗ್ಳು ಕಂಪ್ನೀಲಿ ಏನ್ ಕೆಲ್ಸ ಅಕ್ಕ ಮಾಡಾದು?"

"ಇವ್ಳಾ?" ಎಂದಳು ಅಮ್ಮ. ದನಿ ಜೋರಾಯಿತು, ನಾಲ್ಕು ಬೆಟ್ಟಕ್ಕೆ ಕೇಳುವಷ್ಟು. "ಇವ್ಳು ಸರಿಗೈತೆ ಅಂತ ಹೇಳ್ದಿದ್ರೆ ಆ ಕಂಪ್ನಿಯಿಂದ ಒಂದು ನಟ್ಟೂ ಗೇಟ್ ದಾಟಲ್ಲ ಕಣಮ್ಮ. ಮ್ಯಾನೇಜರೇ ಇವ್ಳನ್ನ ಕೇಳ್ಬೇಕು. ನನ್ ಮಗ್ಳು!"

ಅದೂ ಸುಳ್ಳೇ. ನಮ್ಮ ವಿಭಾಗದಲ್ಲಿ ಹನ್ನೊಂದು ಜನರಿದ್ದೇವೆ, ಮ್ಯಾನೇಜರಿಗೆ ನನ್ನ ಮುಖದ ಪರಿಚಯವೂ ಸರಿಯಾಗಿಲ್ಲ. ನಾನು ತಿದ್ದಲು ಹೋಗಲಿಲ್ಲ.